ಸ್ಕಾಟ್ಲೆಂಡ್ ದೇಶವೋ, ರಾಜ್ಯವೋ? ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನೂ ನನ್ನ ಪತ್ನಿಯೂ ನಾಲ್ಕು ತಿಂಗಳು ಅಲ್ಲಿದ್ದು ಬಂದೆವು. ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟವನು. ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ಅಧಿಕಾರವನ್ನು ಕೇಂದ್ರ, ರಾಜ್ಯಗಳು ಹಂಚಿಕೊಳ್ಳುವ ಸಂಯುಕ್ತ ಪದ್ಧತಿ, ಇನ್ನೊಂದು ಕಡೆ ಎಲ್ಲ ಅಧಿಕಾರವೂ ಕೇಂದ್ರದಲ್ಲೇ ಇರುವ ಏಕಾತ್ಮಕ ಪದ್ಧತಿ ಎಂದು ಬರೆದು, ಬ್ರಿಟನ್ನನ್ನು ಏಕಾತ್ಮಕದ ಕೆಳಗೆ ಕೂರಿಸಿ ಕೈತೊಳೆದುಕೊಂಡವನು. ಹೋಗಿ ನೋಡಿದರೆ ಆ ಗೆರೆಯೇ ಸೊಟ್ಟಗಿತ್ತು.

ಊರಿಗೆ ಬಂದ ಮೇಲೆ ಮಹಾರಾಜ ಪಾರ್ಕಿನ ಬೆಳಗಿನ ನಡಿಗೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರದ ಜೊತೆ ನನ್ನ ಅಭಿಪ್ರಾಯವೂ ಸೇರಿಕೊಂಡಿದ್ದರೆ ಅದು ಮೇಷ್ಟರ ಚಾಳಿ.

## ಮೊದಲ ಪಾಠ

ಮೇಷ್ಟ್ರೇ, ಒಂದೇ ಮಾತಿನಲ್ಲಿ ಹೇಳಿ. ಸ್ಕಾಟ್ಲೆಂಡ್ ದೇಶವೋ, ರಾಜ್ಯವೋ?

ಒಂದೇ ಮಾತು ಬೇಕೆಂದರೆ, ನಾಡು. ನಮ್ಮ ಭಾಷೆಯಲ್ಲಿ ಈ ಪದ ಇರುವುದು ನಮ್ಮ ಪುಣ್ಯ. ದೇಶ ಎಂದ ಕೂಡಲೇ ಪಾಸ್‌ಪೋರ್ಟು, ಸೈನ್ಯ, ವಿಶ್ವಸಂಸ್ಥೆಯಲ್ಲೊಂದು ಕುರ್ಚಿ ನೆನಪಾಗುತ್ತವೆ. ಸ್ಕಾಟ್ಲೆಂಡಿಗೆ ಈ ಮೂರೂ ಪ್ರತ್ಯೇಕವಾಗಿ ಇಲ್ಲ. ರಾಜ್ಯ ಎಂದರೆ ನಮಗೆ 1956ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು ಮಾಡಿದ ಘಟಕ ಕಣ್ಣಿಗೆ ಬರುತ್ತದೆ. ಸ್ಕಾಟ್ಲೆಂಡನ್ನು ಲಂಡನ್ನಿನವರು ಯಾರೂ ಹಾಗೆ ಹುಟ್ಟಿಸಲಿಲ್ಲ. ಒಂದಾಗುವ ಎಷ್ಟೋ ಶತಮಾನ ಮೊದಲಿನಿಂದಲೂ ಅದಕ್ಕೆ ಸ್ವಂತ ರಾಜರು, ಸ್ವಂತ ಸಂಸತ್ತು ಇದ್ದವು.

ನಾಡು ಎಂಬ ಮಾತಾದರೋ ಹಿಗ್ಗುತ್ತದೆ, ಕುಗ್ಗುತ್ತದೆ. ಮಲೆನಾಡು ಎನ್ನಬಹುದು, ಕನ್ನಡ ನಾಡು ಎನ್ನಬಹುದು, ಪಹಣಿಗಾಗಿ ಸಾಲಿನಲ್ಲಿ ನಿಲ್ಲುವ ನಾಡಕಚೇರಿ ಎಂದೂ ಅನ್ನಬಹುದು. ತಾವೆಲ್ಲ ಒಂದು ಎಂದು ಜನ ಎಣಿಸಿಕೊಂಡ ನೆಲಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಅಳತೆ ಬೇಕಾದರೆ, ಅಲ್ಲಿನ ಜನಸಂಖ್ಯೆ ಸುಮಾರು 54 ಲಕ್ಷ. 2011ರ ಜನಗಣತಿಯ ಹಾಸನ ಜಿಲ್ಲೆಯ ಮೂರರಷ್ಟು.

ಇಂಗ್ಲೆಂಡ್, ಬ್ರಿಟನ್, ಯುಕೆ ಎಲ್ಲ ಒಂದೇ ತಾನೇ?

ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಗ್ಲಾಸ್ಗೋದ ಮನುಷ್ಯನನ್ನು ಇಂಗ್ಲಿಷಿನವನು ಎಂದು ಕರೆದರೆ ಅವನು ನಗುತ್ತಲೇ ತಿದ್ದುತ್ತಾನೆ. ಎರಡನೆಯ ಸಲ ಕರೆದರೆ ನಗುವುದಿಲ್ಲ.

ನಮ್ಮನ್ನು ಆಳಿದವರು ಇಂಗ್ಲಿಷರು. ಇದರಲ್ಲಿ ಸ್ಕಾಟ್ಲೆಂಡಿನವರು ಎಲ್ಲಿಂದ ಬಂದರು?

ಎಲ್ಲೆಲ್ಲೂ ಇದ್ದರು, ನಾವು ಗುರುತಿಸಲಿಲ್ಲ ಅಷ್ಟೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್ ಒಬ್ಬ ಸ್ಕಾಟ್, ಅಂದರೆ ಸ್ಕಾಟ್ಲೆಂಡಿನವನು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು, ಕೈಫಿಯತ್ತು, ಶಾಸನಗಳನ್ನು ರಾಶಿ ಹಾಕಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಗೇಲಿಕ್ ಮಾತಾಡುವ ಲೂಯಿಸ್ ದ್ವೀಪದಲ್ಲಿ. 1800-01ರಲ್ಲಿ ಇಲ್ಲಿನ ಬೆಳೆ, ಕಸುಬು, ಜಾತಿ ಎಲ್ಲವನ್ನೂ ಬರೆದುಕೊಂಡು ತಿರುಗಿದ ಫ್ರಾನ್ಸಿಸ್ ಬುಕಾನನ್ ಅದೇ ನಾಡಿನವನು. ರೈತವಾರಿ ಪದ್ಧತಿಯ ಥಾಮಸ್ ಮನ್ರೋ ಗ್ಲಾಸ್ಗೋದವನು.

ನಮ್ಮ ಜಿಲ್ಲೆಗೇ ಬನ್ನಿ. 1850ರ ದಶಕದಲ್ಲಿ ಮಂಜರಾಬಾದಿನ ಕಾಡಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್‌ನ ಮನೆತನದ ಜಮೀನು ಇದ್ದದ್ದು ಸ್ಕಾಟ್ಲೆಂಡಿನ ಗಡಿ ಸೀಮೆಯ ಕೆಲ್ಸೋ ಪಟ್ಟಣದ ಹತ್ತಿರ. ಸಕಲೇಶಪುರದ ಕಡೆ ಹಿರಿಯರು ಇಂಥವರನ್ನೆಲ್ಲ ಒಟ್ಟಾಗಿ ದೊರೆಗಳು ಎಂದೇ ಕರೆದರು. ದೊರೆಯ ಒಳಜಾತಿ ಯಾವುದೆಂದು ಆಳು ಕೇಳುವುದುಂಟೇ? ಸಾಮ್ರಾಜ್ಯದ ವಿಷಯದಲ್ಲಿ ಸ್ಕಾಟ್ಲೆಂಡ್ ಬರೀ ನೊಂದ ಪಕ್ಷವಾಗಿರಲಿಲ್ಲ, ಊಟದ ಎಲೆಯಲ್ಲಿ ದೊಡ್ಡ ಪಾಲು ಪಡೆದ ಪಕ್ಷವೂ ಆಗಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಉತ್ತರಗಳನ್ನು ಯಾರೂ ಪುರಾಣ ಮಾಡಿಕೊಳ್ಳುವುದಿಲ್ಲ.

ಯುದ್ಧದಲ್ಲಿ ಸೋತು ಇಂಗ್ಲೆಂಡಿನ ಜೊತೆ ಸೇರಿದರೇ?

ಸೋತು ಸೇರಲಿಲ್ಲ. 1603ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಮಕ್ಕಳಿಲ್ಲದೆ ಸತ್ತಾಗ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಆ ಸಿಂಹಾಸನಕ್ಕೂ ಹಕ್ಕುದಾರನಾದ. ರಾಜ ಒಬ್ಬ, ರಾಜ್ಯ ಎರಡು, ಸಂಸತ್ತು ಎರಡು. ಹೀಗೇ ನೂರು ವರ್ಷ ನಡೆಯಿತು.

1690ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿನವರು ಪನಾಮಾದ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಹೋದರು. ನಾಡಿನ ಉಳಿತಾಯದ ದೊಡ್ಡ ಭಾಗ ಅದರಲ್ಲಿ ಮುಳುಗಿತು, ಜ್ವರಕ್ಕೆ ಸಿಕ್ಕಿ ಹೋದವರಲ್ಲಿ ಬಹಳ ಜನ ಹಿಂತಿರುಗಲಿಲ್ಲ. ಆ ಹೊಡೆತದ ನೆರಳಿನಲ್ಲೇ ಒಪ್ಪಂದದ ಮಾತುಕತೆ ನಡೆಯಿತು. 1707ರ ಮೇ 1ರಿಂದ ಎರಡೂ ಸಂಸತ್ತುಗಳು ಸೇರಿ ಒಂದಾದವು. ಇಂಗ್ಲೆಂಡು ಕೊಟ್ಟ ಪರಿಹಾರ 3,98,085 ಪೌಂಡು ಹತ್ತು ಶಿಲ್ಲಿಂಗ್. ಅದರಲ್ಲಿ ಬಹುಪಾಲು ಡೇರಿಯನ್‌ನಲ್ಲಿ ಹಣ ಕಳೆದುಕೊಂಡವರ ಕೈ ಸೇರಿತು. ಮತ ಹಾಕಿದ ಶ್ರೀಮಂತರು ನಾಡನ್ನು ಮಾರಿಕೊಂಡರು ಎಂಬ ಬೈಗುಳ ಅಂದಿನಿಂದ ಇಂದಿನವರೆಗೆ ಸವೆದಿಲ್ಲ. ಬೀದಿಯಲ್ಲಿ ಗಲಾಟೆಗಳೂ ಆದವು. ಜನಮತ ಕೇಳುವ ಕಾಲ ಅದಲ್ಲ.

## ಕೋರ್ಟು, ಚರ್ಚು, ಶಾಲೆ, ನೋಟು

ಸಂಸತ್ತೇ ಹೋದ ಮೇಲೆ ನಾಡು ಅಂತ ಉಳಿದದ್ದಾದರೂ ಏನು?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಸಂಸತ್ತು ಇಲ್ಲದೆ 292 ವರ್ಷ ಕಳೆದ ನಾಡು ಕರಗಿ ಹೋಗಬೇಕಿತ್ತು. ಹೋಗಲಿಲ್ಲ. ಒಪ್ಪಂದ ಬರೆದವರು ಸಂಸತ್ತನ್ನು ಬಿಟ್ಟುಕೊಟ್ಟರೂ ಮೂರು ವಸ್ತುಗಳನ್ನು ಬಿಗಿಯಾಗಿ ಹಿಡಿದುಕೊಂಡರು: ತಮ್ಮ ನ್ಯಾಯಾಲಯ, ತಮ್ಮ ಚರ್ಚು, ಅದರ ಜೊತೆಗೇ ತಮ್ಮ ಶಾಲೆ ಮತ್ತು ವಿಶ್ವವಿದ್ಯಾಲಯ. ಲಂಡನ್ನಿನ ಸಂಸತ್ತು ಸಾಮಾನ್ಯ ರೈತನಿಗೆ ಆಗಿನ ಕಾಲದಲ್ಲಿ ಕಾಣುತ್ತಲೇ ಇರಲಿಲ್ಲ. ಅವನಿಗೆ ಕಾಣುತ್ತಿದ್ದುದು ಭಾನುವಾರದ ಪಾದ್ರಿ, ಮಗನ ಮೇಷ್ಟರು, ಬೇಲಿ ಜಗಳ ತೀರಿಸುವ ನ್ಯಾಯಾಧೀಶ. ಇವರು ಮೂವರೂ ಸ್ಕಾಟ್ಲೆಂಡಿನವರೇ ಆಗಿ ಉಳಿದರು. ನಾಡು ಅವರ ಕೈಯಲ್ಲಿ ಉಳಿಯಿತು.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. 1956ಕ್ಕೆ ಮೊದಲು ಕನ್ನಡಿಗರು ಮೈಸೂರು, ಮುಂಬೈ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಧಾರವಾಡದವನ ಕೋರ್ಟು ಬೇರೆ, ರಾಯಚೂರಿನವನ ನಾಣ್ಯವೂ ಬೇರೆ, ಹಾಸನದವನ ದೊರೆ ಬೇರೆ. ಒಂದೂ ಸಮಾನ ಸಂಸ್ಥೆ ಇಲ್ಲದಿದ್ದಾಗ ಹಿಡಿದಿಟ್ಟದ್ದು ಭಾಷೆ. ಆ ಕೊರತೆ ತುಂಬಲೆಂದೇ 1915ರಲ್ಲಿ ಸಾಹಿತ್ಯ ಪರಿಷತ್ತನ್ನು ಕಟ್ಟಿದರು. ಸ್ಕಾಟ್ಲೆಂಡಿನವರು ಸಂಸ್ಥೆ ಉಳಿಸಿಕೊಂಡು ಭಾಷೆಯನ್ನು ಸಡಿಲ ಬಿಟ್ಟರು. ನಾವು ಭಾಷೆ ಉಳಿಸಿಕೊಂಡು ಸಂಸ್ಥೆಗಳನ್ನು ಆಮೇಲೆ ಕಟ್ಟಿದೆವು. ಆದ್ದರಿಂದಲೇ ಅವರ ಅಭಿಮಾನ ನಮಗೆ ಅರ್ಥವಾಗುವುದು ತಡ.

ಒಂದೇ ದೇಶದಲ್ಲಿ ಎರಡು ಕಾನೂನು ಹೇಗೆ ನಡೆಯುತ್ತದೆ? ಗಡಿ ದಾಟಿದರೆ ನ್ಯಾಯವೂ ಬದಲಾಗುತ್ತದೆಯೇ?

ಬದಲಾಗುತ್ತದೆ. ಒಪ್ಪಂದದ 19ನೆಯ ವಿಧಿಯ ಪ್ರಕಾರ, 1532ರಲ್ಲಿ ಆರಂಭವಾದ ಸೆಷನ್ ನ್ಯಾಯಾಲಯ (ನಮ್ಮ ಸೆಷನ್ಸ್ ಕೋರ್ಟಿನಂತಲ್ಲ, ಅಲ್ಲಿನ ಅತಿ ಮೇಲಿನ ಸಿವಿಲ್ ಕೋರ್ಟು) ಎಂದೆಂದಿಗೂ ಸ್ಕಾಟ್ಲೆಂಡಿನಲ್ಲೇ ಇರಬೇಕು. ಇಂಗ್ಲೆಂಡಿನ ಕಾನೂನು ಹಳೆಯ ತೀರ್ಪುಗಳ ಮೇಲೆ ಬೆಳೆದದ್ದು. ಸ್ಕಾಟ್ಲೆಂಡಿನದು ರೋಮನ್ ಕಾನೂನಿನ ತಾತ್ವಿಕ ನಿಯಮಗಳನ್ನೂ ಕುಡಿದು ಬೆಳೆದ ಮಿಶ್ರ ತಳಿ. ಅಲ್ಲಿ ಮೇಲಿನ ಕೋರ್ಟಿನ ವಕೀಲ ಬ್ಯಾರಿಸ್ಟರ್ ಅಲ್ಲ, ನಮ್ಮ ಕೋರ್ಟಿನ ಎದುರಿನ ಬೋರ್ಡುಗಳಲ್ಲಿರುವಂತೆ ಅಡ್ವೊಕೇಟ್. ಷೆರಿಫ್ ಎಂದರೆ ಸಿನಿಮಾದ ಪೊಲೀಸಲ್ಲ, ಜಿಲ್ಲಾ ಮಟ್ಟದ ನ್ಯಾಯಾಧೀಶ.

ಕ್ರಿಮಿನಲ್ ಮೊಕದ್ದಮೆಯ ಜ್ಯೂರಿಯಲ್ಲಿ ಹದಿನೈದು ಜನ. ಇಂಗ್ಲೆಂಡಿನಲ್ಲಿ ಹನ್ನೆರಡು. ಮುನ್ನೂರು ವರ್ಷಗಳ ಕಾಲ ಅಲ್ಲಿ ತಪ್ಪಿತಸ್ಥ, ನಿರ್ದೋಷಿ ಎಂಬೆರಡರ ಜೊತೆಗೆ 'ಸಾಬೀತಾಗಿಲ್ಲ' ಎಂಬ ಮೂರನೆಯ ತೀರ್ಪೂ ಇತ್ತು. ಇದೂ ಬಿಡುಗಡೆಯೇ, ಆದರೆ ಊರಿನವರ ಕಣ್ಣು ಬಿಡುಗಡೆ ಮಾಡುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇದನ್ನು ತೆಗೆದುಹಾಕುವ ಮಸೂದೆಯನ್ನು ಸ್ಕಾಟ್ಲೆಂಡ್ ಸಂಸತ್ತೇ ಅಂಗೀಕರಿಸಿತು. ಗಮನಿಸಿ, ಅದನ್ನು ಕಿತ್ತುಹಾಕಿದವರು ಲಂಡನ್ನಿನವರಲ್ಲ.

ಮದುವೆಯ ವಿಷಯ ಇನ್ನೂ ಸ್ವಾರಸ್ಯ. 1754ರಿಂದ ಇಂಗ್ಲೆಂಡಿನಲ್ಲಿ ಕಿರಿಯರ ಮದುವೆಗೆ ಹೆತ್ತವರ ಒಪ್ಪಿಗೆ ಬೇಕಾಯಿತು, ಸ್ಕಾಟ್ಲೆಂಡಿನಲ್ಲಿ ಬೇಕಿರಲಿಲ್ಲ. ಓಡಿಬಂದ ಜೋಡಿಗಳಿಗೆ ಗಡಿಯ ಮೊದಲ ಊರು ಗ್ರೆಟ್ನಾ ಗ್ರೀನ್ ಧರ್ಮಸ್ಥಳವಾಯಿತು. ಅಲ್ಲಿನ ಕಮ್ಮಾರ ಕಬ್ಬಿಣ ಬಡಿಯುವ ಅಡಿಗಲ್ಲಿನ ಎದುರು ಮದುವೆ ಮಾಡಿಸುತ್ತಿದ್ದ. ಇವತ್ತೂ ಸ್ಕಾಟ್ಲೆಂಡಿನಲ್ಲಿ ಹದಿನಾರಕ್ಕೆ ಮದುವೆಯಾಗಬಹುದು. ಇಂಗ್ಲೆಂಡಿನಲ್ಲಿ 2023ರಿಂದ ಹದಿನೆಂಟು ತುಂಬಬೇಕು.

ನಮ್ಮ ಕಾನೂನು ಕಾಲೇಜಿನ ಮಕ್ಕಳು ಮೊದಲ ವರ್ಷದಲ್ಲೇ ಓದುವ 'ಬಾಟಲಿಯೊಳಗಿನ ಬಸವನಹುಳು'ವಿನ ಮೊಕದ್ದಮೆ ಕೂಡ ಸ್ಕಾಟ್ಲೆಂಡಿನದೇ. 1928ರಲ್ಲಿ ಪೈಸ್ಲಿ ಪಟ್ಟಣದ ಕೆಫೆಯೊಂದರಲ್ಲಿ ಶುಂಠಿ ಪಾನೀಯ ಕುಡಿದ ಹೆಂಗಸು ಹೂಡಿದ ದಾವೆ, 1932ರಲ್ಲಿ ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಿ (ಆಗ ಅದೇ ಕೊನೆಯ ಮೇಲ್ಮನವಿ ಕೋರ್ಟು) ತೀರ್ಮಾನವಾಯಿತು. ಸಿವಿಲ್ ಮೇಲ್ಮನವಿ ಲಂಡನ್ನಿಗೆ ಹೋಗುತ್ತದೆ, ಕ್ರಿಮಿನಲ್ ಮೇಲ್ಮನವಿ ಸಾಮಾನ್ಯವಾಗಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲೇ ಮುಗಿಯುತ್ತದೆ.

ಜಮೀನಿನ ದಾಖಲೆ ಅಲ್ಲಿ ಹೇಗೆ? ಪಹಣಿ, ಖಾತೆ ಎಲ್ಲ ಇದೆಯೇ?

ಈ ಪ್ರಶ್ನೆ ಕೇಳದ ಮಲೆನಾಡಿನವರನ್ನು ನಾನು ಕಂಡಿಲ್ಲ. 1617ರಿಂದ ಅಲ್ಲಿ ನಾಡಿಗೆಲ್ಲ ಒಂದೇ ಭೂದಾಖಲೆ ಪುಸ್ತಕವಿದೆ, ಸಾಸಿನ್ಸ್ ದಫ್ತರು ಎಂದು ಹೆಸರು. ನಿಧಾನವಾಗಿ ಹೊಸ ಮಾದರಿಯ ನೋಂದಣಿ ಅದರ ಜಾಗಕ್ಕೆ ಬರುತ್ತಿದೆ. ಜಮೀನಿನ ಮೇಲೆ ಮೇಲೊಡೆಯನೊಬ್ಬನ ಹಕ್ಕು ಉಳಿಯುವ ಊಳಿಗಮಾನ್ಯ ಪದ್ಧತಿ ಕಾಗದದಲ್ಲಿ ಪೂರ್ತಿ ಅಳಿದದ್ದು 2004ರ ನವೆಂಬರ್ 28ಕ್ಕೆ. ನಮ್ಮ 1974ರ ಭೂಸುಧಾರಣೆಗಿಂತ ಮೂವತ್ತು ವರ್ಷ ತಡ ಎಂದು ನಾನು ಅಲ್ಲಿನವರೊಬ್ಬರಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ.

ರಾಜನೇ ಚರ್ಚಿನ ಮುಖ್ಯಸ್ಥ ಎಂದು ಓದಿದ್ದೆವು. ಅಲ್ಲೂ ಹಾಗೆಯೇ?

ಇಂಗ್ಲೆಂಡಿನಲ್ಲಿ ಹಾಗೆ. ಸ್ಕಾಟ್ಲೆಂಡಿನ ಚರ್ಚಿನಲ್ಲಿ ಬಿಷಪ್ಪರೇ ಇಲ್ಲ, ಹಿರಿಯರ ಸಭೆಗಳೇ ನಡೆಸುತ್ತವೆ. ರಾಜ ಬಂದರೂ ಸದಸ್ಯನಾಗಿ ಬರಬೇಕು, ಯಜಮಾನನಾಗಿ ಅಲ್ಲ. ಸಂಸತ್ತು ಇಲ್ಲದ ಕಾಲದಲ್ಲಿ ಪ್ರತಿ ವರ್ಷ ಮೇ ತಿಂಗಳ ಆ ಚರ್ಚಿನ ಮಹಾಸಭೆಯೇ ನಾಡಿನ ಚಾವಡಿಯಂತಿತ್ತು. ಈಗ ಚರ್ಚಿನ ಬೆಂಚುಗಳು ಬಹಳ ಖಾಲಿ.

ಮಗಳಿಗೆ ಎಡಿನ್‌ಬರೋದಲ್ಲಿ ಸೀಟು ಸಿಕ್ಕಿದೆ. ಡಿಗ್ರಿ ನಾಲ್ಕು ವರ್ಷ ಅನ್ನುತ್ತಾರೆ. ಮೋಸ ಏನಾದರೂ ಇದೆಯೇ?

ಮೋಸವಿಲ್ಲ, ಗಾಬರಿಯಾಗಬೇಡಿ. ಸ್ಕಾಟ್ಲೆಂಡಿನ ಆನರ್ಸ್ ಪದವಿ ನಾಲ್ಕು ವರ್ಷದ್ದು, ಇಂಗ್ಲೆಂಡಿನದು ಸಾಮಾನ್ಯವಾಗಿ ಮೂರು. ಮೊದಲ ಎರಡು ವರ್ಷ ಹಲವು ವಿಷಯಗಳನ್ನು ಓದಿಸಿ ಆಮೇಲೆ ಒಂದಕ್ಕೆ ಇಳಿಯುವುದು ಅಲ್ಲಿನ ಹಳೆಯ ರೂಢಿ. ಶಾಲೆಯ ಪರೀಕ್ಷೆಯೂ ಬೇರೆ, ಅದರ ಹೆಸರು ಹೈಯರ್. 1707ರಲ್ಲಿ ಇಂಗ್ಲೆಂಡಿನಲ್ಲಿ ಇದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೇ ವಿಶ್ವವಿದ್ಯಾಲಯ. ಸ್ಕಾಟ್ಲೆಂಡಿನಲ್ಲಿ ಸೇಂಟ್ ಆಂಡ್ರೂಸ್, ಗ್ಲಾಸ್ಗೋ, ಆಬರ್ಡೀನ್, ಎಡಿನ್‌ಬರೋ ಆಗಲೇ ಇದ್ದವು. ಅಲ್ಲಿ ನೆಲೆಸಿರುವ ಮಕ್ಕಳಿಗೆ ಮೊದಲ ಪದವಿಯ ಬೋಧನಾ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ನಿಮ್ಮ ಮಗಳಿಗೆ ಅದು ಸಿಗುವುದಿಲ್ಲ. ಸಾಲದ ಲೆಕ್ಕವನ್ನು ನಾಲ್ಕು ವರ್ಷಕ್ಕೆ ಹಾಕಿಕೊಳ್ಳಿ.

ಅಲ್ಲಿಯ ನೋಟೂ ಬೇರೆಯಂತೆ, ನಿಜವೇ?

ನಿಜ. ನನ್ನ ಬೀರುವಿನಲ್ಲಿ ಒಂದು ಇದೆ, ಬಂದವರಿಗೆಲ್ಲ ತೋರಿಸುತ್ತೇನೆ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಹತ್ತು ಪೌಂಡಿನ ಪ್ಲಾಸ್ಟಿಕ್ ನೋಟು. ಎದುರಿಗೆ ರಾಜನ ಮುಖವಿಲ್ಲ, ಮೇರಿ ಸಾಮರ್‌ವಿಲ್ ಎಂಬ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿ ಇದ್ದಾರೆ. ಹಿಂದೆ ಎರಡು ನೀರುನಾಯಿಗಳು ಮೈಹೊರಳಿಸುತ್ತಿವೆ. ನೀರುನಾಯಿ ಎಂದ ಕೂಡಲೇ ನಮ್ಮ ತೋಟದ ಕಡೆಯ ನೆಂಟರು ನೋಟನ್ನು ಕೈಗೆ ತೆಗೆದುಕೊಂಡು, ಇದು ನಮ್ಮ ಹೊಳೆಯದೇ ಎನ್ನುತ್ತಾರೆ.

ಅಲ್ಲಿ ಮೂರು ಬ್ಯಾಂಕುಗಳು ನೋಟು ಹೊರಡಿಸುತ್ತವೆ: ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್, ಕ್ಲೈಡ್ಸ್‌ಡೇಲ್. ಹಣ ಅದೇ ಪೌಂಡು, ಬೆಲೆಯೂ ಅದೇ. ಇವಕ್ಕೆ ಆಧಾರವಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಕೋಣೆಯಲ್ಲಿ ಹತ್ತು ಲಕ್ಷ ಪೌಂಡಿನ 'ಜೈಂಟ್', ಹತ್ತು ಕೋಟಿ ಪೌಂಡಿನ 'ಟೈಟನ್' ಎಂಬ ನೋಟುಗಳಿವೆ, ಅವು ಹೊರಗೆ ಬರುವುದಿಲ್ಲ. 1826ರಲ್ಲಿ ಸಣ್ಣ ನೋಟುಗಳನ್ನು ನಿಲ್ಲಿಸಲು ಲಂಡನ್ ಹೊರಟಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಪತ್ರಗಳನ್ನು ಬರೆದು ತಡೆದ.

ವಿಚಿತ್ರವೆಂದರೆ ಕಾನೂನಿನ ಕಟ್ಟುನಿಟ್ಟಿನಲ್ಲಿ ಇವು ಎಲ್ಲೂ, ಸ್ಕಾಟ್ಲೆಂಡಿನಲ್ಲೂ, ಶಾಸನಬದ್ಧ ಚಲಾವಣಾ ನಾಣ್ಯವಲ್ಲ. ಒಪ್ಪಿಕೊಂಡವರಿದ್ದರೆ ನಡೆಯುತ್ತದೆ. ಲಂಡನ್ನಿನ ಒಂದು ಅಂಗಡಿಯ ಹುಡುಗ ಇದೇ ನೋಟನ್ನು ಬೆಳಕಿಗೆ ಹಿಡಿದು, ಯಜಮಾನನನ್ನು ಕೇಳಿಬಂದು, ತಲೆಯಾಡಿಸಿ ನನ್ನ ಕೈಗೇ ಇಟ್ಟ. ಬೆಂಗಳೂರಿನಲ್ಲಿ ಹಣ ಬದಲಿಸುವವರೂ ಇಂಗ್ಲೆಂಡಿನದು ಇದ್ದರೆ ಕೊಡಿ ಎಂದರು. ಹಾಗಾಗಿ ಅದು ಬೀರು ಸೇರಿತು.

ಆ ಬ್ಯಾಂಕುಗಳ ಒಡೆತನ ಈಗ ಬಹುಪಾಲು ಲಂಡನ್ನಿನ ಹಿಡಿತಕ್ಕೆ ಹೋಗಿದೆ, ಹೆಸರು ನೋಟಿನ ಮೇಲೆ ಉಳಿದಿದೆ. ಬಡ್ಡಿಯ ಲೆಕ್ಕದಲ್ಲಿ ಇದರಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೂ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ದೊಡ್ಡ ಬ್ಯಾಂಕಿನಲ್ಲಿ ಲೀನವಾದಾಗ ನಮ್ಮ ಪಾರ್ಕಿನ ಬೆಂಚಿನ ಮೇಲೆ ಯಾಕೆ ಅಷ್ಟು ಮೌನವಿತ್ತು? ಪಿಂಚಣಿ ತರಲು ಹೊರಟವರು ಇವತ್ತೂ ಮೈಸೂರು ಬ್ಯಾಂಕಿಗೆ ಹೋಗಿ ಬರುತ್ತೇನೆ ಎಂದೇ ಹೇಳುತ್ತಾರೆ.

ಫುಟ್‌ಬಾಲಿಗೆ ನಾಲ್ಕು ತಂಡ, ಒಲಿಂಪಿಕ್ಸಿಗೆ ಒಂದೇ ತಂಡ. ಇದೆಂಥ ನ್ಯಾಯ ಸಾರ್?

ಮೊದಲು ಬಂದವರಿಗೆ ಮೊದಲ ಕುರ್ಚಿ ಎಂಬ ನ್ಯಾಯ. ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ 1872ರ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ನಡೆಯಿತು. ಗೋಲೇ ಇಲ್ಲ, ಸೊನ್ನೆ ಸೊನ್ನೆ. ಫಿಫಾ ಹುಟ್ಟಿದ್ದು 1904ರಲ್ಲಿ. ಮನೆ ಕಟ್ಟುವ ಮೊದಲೇ ಒಳಗೆ ಕುಳಿತವರನ್ನು ಎಬ್ಬಿಸುವವರು ಯಾರು? ಆಟದ ನಿಯಮ ಬದಲಿಸುವ ಮಂಡಳಿಯಲ್ಲಿ ಇವತ್ತೂ ಆ ನಾಲ್ಕು ನಾಡುಗಳಿಗೆ ತಲಾ ಒಂದು ಮತ, ಉಳಿದ ಇಡೀ ಜಗತ್ತಿನ ಪರವಾಗಿ ಫಿಫಾಕ್ಕೆ ನಾಲ್ಕು.

ಕ್ರಿಕೆಟ್ ಇನ್ನೊಂದು ಗೊಂದಲ. ಇಂಗ್ಲೆಂಡ್ ತಂಡದೊಳಗೆ ವೇಲ್ಸ್ ಸೇರಿದೆ, ಸ್ಕಾಟ್ಲೆಂಡ್ ಬೇರೆ. ನಮ್ಮ ರಾಹುಲ್ ದ್ರಾವಿಡ್ 2003ರಲ್ಲಿ ಸ್ಕಾಟ್ಲೆಂಡ್ ಪರವಾಗಿ ಇಂಗ್ಲೆಂಡಿನ ಕೌಂಟಿಗಳ ರಾಷ್ಟ್ರೀಯ ಲೀಗಿನಲ್ಲಿ ಆಡಿದ್ದಾರೆ. ಇದನ್ನು ಹೇಳಿದರೆ ಹಾಸನದಲ್ಲಿ ಅರ್ಧ ಜನ ನಂಬುವುದಿಲ್ಲ.

ಇಂಗ್ಲಿಷನ್ನೇ ಮಾತಾಡಿಕೊಂಡು ನಾವು ಬೇರೆ ನಾಡು ಅನ್ನುವುದು ಹೇಗೆ? ಸ್ವಂತ ಭಾಷೆ ಇಲ್ಲವೇ?

ಹಲ್ಮಿಡಿ ಶಾಸನ ಸಿಕ್ಕಿದ ಬೇಲೂರು ತಾಲೂಕಿನವರು ಈ ಪ್ರಶ್ನೆ ಕೇಳುವುದು ಸಹಜ. ನಮಗೆ ಭಾಷೆಯೇ ಪಾಯ.

ಅವರಿಗೆ ಎರಡು ಭಾಷೆಗಳಿವೆ. ಗೇಲಿಕ್ ಇಂಗ್ಲಿಷಿಗೆ ದೂರದ ಸಂಬಂಧಿ, ಬೆಟ್ಟ ಮತ್ತು ದ್ವೀಪಗಳ ಮಾತು. 2022ರ ಜನಗಣತಿಯಲ್ಲಿ ಅದನ್ನು ಸ್ವಲ್ಪವಾದರೂ ಬಲ್ಲೆವು ಎಂದವರು ಸುಮಾರು 1 ಲಕ್ಷ 30 ಸಾವಿರ. ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು, ಆಡುತ್ತೇವೆ ಎಂದವರು ಸುಮಾರು 15 ಲಕ್ಷ. ಅದು ಭಾಷೆಯೋ, ಇಂಗ್ಲಿಷಿನ ಒಂದು ಆಡುನುಡಿಯೋ ಎಂಬ ಜಗಳ ನಮ್ಮ ತುಳು, ಕೊಂಕಣಿ ಲಿಪಿ ಜಗಳಗಳಷ್ಟೇ ಹಳೆಯದು, ಅಷ್ಟೇ ಬಿಸಿಯದು. 2025ರ ಕಾಯ್ದೆ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟಿದೆ.

ವೇಲ್ಸನ್ನು ಪಕ್ಕಕ್ಕಿಟ್ಟು ನೋಡಿ. ಹದಿನಾರನೆಯ ಶತಮಾನದಲ್ಲೇ ವೇಲ್ಸಿನ ಕಾನೂನನ್ನು ಇಂಗ್ಲೆಂಡಿನದರೊಳಗೆ ಸೇರಿಸಿಬಿಟ್ಟರು. ಕೋರ್ಟು ಹೋಯಿತು, ಆಡಳಿತ ಹೋಯಿತು. ಆದರೆ 2021ರಲ್ಲೂ ಅಲ್ಲಿ ಶೇಕಡ 17.8ರಷ್ಟು ಜನ ವೆಲ್ಷ್ ಆಡುತ್ತೇವೆ ಎಂದಿದ್ದಾರೆ. ಅಂದರೆ ನಾಡೊಂದು ಯಾವ ಕಂಬಕ್ಕೆ ಆತುಕೊಳ್ಳುತ್ತದೆ ಎಂಬುದು, ಅದರ ಯಾವ ಕಂಬವನ್ನು ಮುರಿಯಲಾಯಿತು ಎಂಬುದನ್ನು ಅವಲಂಬಿಸಿದೆ ಎಂದು ನನ್ನ ಅನಿಸಿಕೆ. ಕನ್ನಡಿಗನಾಗಿ ನಾನು ವೇಲ್ಸಿನವನಿಗೆ ಹತ್ತಿರ.

## ಸ್ವಲ್ಪ ಆಳಕ್ಕೆ

ಈಗ ಅಲ್ಲಿ ಸಂಸತ್ತು ಬಂದಿದೆಯಲ್ಲ. ನಮ್ಮ ವಿಧಾನಸಭೆಗೂ ಅದಕ್ಕೂ ಏನು ವ್ಯತ್ಯಾಸ?

1979ರಲ್ಲೇ ಒಂದು ಜನಮತಗಣನೆ ನಡೆದಿತ್ತು. ಮತ ಹಾಕಿದವರಲ್ಲಿ ಶೇಕಡ 51.6 ಜನ ಬೇಕು ಎಂದರೂ, ಒಟ್ಟು ಮತದಾರರ ಶೇಕಡ 40 ದಾಟಬೇಕೆಂಬ ಷರತ್ತಿನಿಂದ ಬಿದ್ದುಹೋಯಿತು. 1997ರಲ್ಲಿ ಶೇಕಡ 74.3 ಜನ ಬೇಕು ಎಂದರು. 1999ರ ಮೇ 12ರಂದು 129 ಸದಸ್ಯರು ಸೇರಿದಾಗ ಹಿರಿಯ ಸದಸ್ಯೆ ವಿನ್ನಿ ಯೂವಿಂಗ್ ಇದನ್ನು ಹೊಸ ಸಂಸತ್ತು ಎಂದು ಕರೆಯಲಿಲ್ಲ. 1707ರ ಮಾರ್ಚ್ 25ಕ್ಕೆ ಮುಂದೂಡಿದ ಸಂಸತ್ತು ಮತ್ತೆ ಸೇರಿದೆ ಎಂದು ಘೋಷಿಸಿದರು. 292 ವರ್ಷದ ಮಧ್ಯಂತರ!

ನಮ್ಮಲ್ಲಿ ಮೂರು ಪಟ್ಟಿಗಳಿವೆ, ಪಟ್ಟಿಯಲ್ಲಿಲ್ಲದ್ದು ಕೇಂದ್ರಕ್ಕೆ. ಅಲ್ಲಿ ಒಂದೇ ಪಟ್ಟಿ: ಲಂಡನ್ ತನಗೆ ಇಟ್ಟುಕೊಂಡ ವಿಷಯಗಳದ್ದು. ರಕ್ಷಣೆ, ವಿದೇಶಾಂಗ, ಕರೆನ್ಸಿ, ವಲಸೆ ಮುಂತಾದವು. ಅದರಲ್ಲಿಲ್ಲದ್ದೆಲ್ಲ ಎಡಿನ್‌ಬರೋಗೆ. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ.

ಆದರೆ ನಮ್ಮ ರಾಜ್ಯಗಳ ಅಧಿಕಾರಕ್ಕೆ ಬರೆದಿಟ್ಟ ಸಂವಿಧಾನದ ಕಾವಲಿದೆ, ಅವರದು ಲಂಡನ್ನಿನ ಸಂಸತ್ತಿನ ಒಂದು ಕಾಯ್ದೆಯಿಂದ ಬಂದದ್ದು. ಎಡಿನ್‌ಬರೋದ ಒಪ್ಪಿಗೆಯಿಲ್ಲದೆ ಅದರ ವಿಷಯದಲ್ಲಿ ಸಾಮಾನ್ಯವಾಗಿ ಕೈಹಾಕುವುದಿಲ್ಲ ಎಂಬ ರೂಢಿಯಿದೆ. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅದು ರಾಜಕೀಯ ರೂಢಿ, ಅದನ್ನು ಜಾರಿ ಮಾಡಿಸುವುದು ಕೋರ್ಟಿನ ಕೆಲಸವಲ್ಲ ಎಂದಿತು. 2023ರ ಜನವರಿಯಲ್ಲಿ, ಸ್ಕಾಟ್ಲೆಂಡ್ ಸಂಸತ್ತು ಅಂಗೀಕರಿಸಿದ್ದ ಲಿಂಗ ಗುರುತಿನ ಮಸೂದೆಯನ್ನು ಲಂಡನ್ ತಡೆಹಿಡಿಯಿತು. ರಾಜ್ಯಪಾಲರು ಮಸೂದೆ ಇಟ್ಟುಕೊಂಡು ಕೂರುವ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಹಂಚಿಕೆ ಹೇಗೆ? ಅಲ್ಲೂ 'ನಮ್ಮ ತೆರಿಗೆ' ಜಗಳ ಇದೆಯೇ?

ಇದೆ, ಜೋರಾಗಿಯೇ ಇದೆ. 1970ರ ದಶಕದ ಕೊನೆಯಿಂದ ಬಾರ್ನೆಟ್ ಸೂತ್ರ ಎಂಬುದು ನಡೆದುಬಂದಿದೆ. ಇಂಗ್ಲೆಂಡಿನ ಶಾಲೆ, ಆಸ್ಪತ್ರೆಗಳಿಗೆ ಖರ್ಚು ಹೆಚ್ಚಿಸಿದರೆ ಜನಸಂಖ್ಯೆಯ ಲೆಕ್ಕದಲ್ಲಿ ಸ್ಕಾಟ್ಲೆಂಡಿಗೂ ಪಾಲು. 2017ರಿಂದ ಸಂಬಳದ ಮೇಲಿನ ಆದಾಯ ತೆರಿಗೆಯ ದರ, ಹಂತಗಳನ್ನು ಎಡಿನ್‌ಬರೋ ನಿರ್ಧರಿಸುತ್ತದೆ. ಅಲ್ಲಿ ಆರು ಹಂತಗಳಿವೆ, ಇಂಗ್ಲೆಂಡಿನಲ್ಲಿ ಮೂರು. ನನ್ನ ಮಗಳು ಸಂಬಳದ ಚೀಟಿ ನೋಡಿ ಗೊಣಗುತ್ತಾಳೆ, ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಗೆ ದುಡ್ಡು ಕೊಡದೆ ಬರುವಾಗ ಗೊಣಗುವುದಿಲ್ಲ.

ನಮ್ಮ ಎಸ್ಟೇಟು ಅಲ್ಲಿದ್ದರೆ ಯಾರು ಬೇಕಾದರೂ ಒಳಗೆ ನಡೆದು ಬರಬಹುದಂತೆ. ಇದೆಂಥ ಕಾನೂನು?

ಸಕಲೇಶಪುರದ ನೆಂಟರೊಬ್ಬರು ಊಟ ನಿಲ್ಲಿಸಿ ಕೇಳಿದ ಪ್ರಶ್ನೆ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಬಹುತೇಕ ಜಮೀನಿನಲ್ಲಿ, ಖಾಸಗಿಯದಾದರೂ, ಯಾರು ಬೇಕಾದರೂ ನಡೆಯಬಹುದು, ಸೈಕಲ್ ಹೊಡೆಯಬಹುದು. ವಾಹನ ತರುವಂತಿಲ್ಲ, ಮನೆಯಂಗಳಕ್ಕೆ ನುಗ್ಗುವಂತಿಲ್ಲ, ಬೆಳೆದು ನಿಂತ ಪೈರು ತುಳಿಯುವಂತಿಲ್ಲ, ಜವಾಬ್ದಾರಿಯಿಂದ ವರ್ತಿಸಬೇಕು. ಇಂಗ್ಲೆಂಡಿನಲ್ಲಿ ಇಷ್ಟು ವಿಶಾಲ ಹಕ್ಕಿಲ್ಲ. ಸ್ವಂತ ಸಂಸತ್ತು ಬಂದ ನಾಲ್ಕೇ ವರ್ಷದಲ್ಲಿ ಆದ ಕಾಯ್ದೆ ಇದು. ಕೆಲವೇ ದೊಡ್ಡ ಜಮೀನ್ದಾರರ ಕೈಯಲ್ಲಿ ಬೆಟ್ಟಗುಡ್ಡವೆಲ್ಲ ಇರುವ ನಾಡಿಗೆ ಬೇಕಾದ ಕಾನೂನು. ಲಂಡನ್ನಿನಲ್ಲಿ ಅದಕ್ಕೆ ಬಿಡುವಿರುತ್ತಿರಲಿಲ್ಲ. ನೆಂಟರು ಒಪ್ಪಲಿಲ್ಲ. ಕಾಳುಮೆಣಸಿನ ಬಳ್ಳಿಗೆ ಯಾರು ಜವಾಬ್ದಾರಿ ಎಂದರು.

2014ರಲ್ಲಿ ಸ್ವಾತಂತ್ರ್ಯ ಬೇಡ ಎಂದು ಮತ ಹಾಕಿದರಲ್ಲ. ಹಾಗಾದರೆ ನಾಡಾಭಿಮಾನ ಎಲ್ಲಿ ಹೋಯಿತು?

ಸೆಪ್ಟೆಂಬರ್ 18ರ ಆ ಮತದಾನದಲ್ಲಿ ಶೇಕಡ 55.3 ಬೇಡ, ಶೇಕಡ 44.7 ಬೇಕು. ಶೇಕಡ 84.6 ಜನ ಮತಗಟ್ಟೆಗೆ ಬಂದರು, ಹದಿನಾರು ತುಂಬಿದ ಮಕ್ಕಳೂ ಸೇರಿ. ಬೇಡ ಎಂದವರಲ್ಲಿ ಬಹಳ ಮಂದಿ ತಮ್ಮನ್ನು ಅಪ್ಪಟ ಸ್ಕಾಟ್ ಎಂದೇ ಕರೆದುಕೊಳ್ಳುವವರು. ಪೌಂಡು, ಪಿಂಚಣಿ, ಗಡಿಯಾಚೆಯ ಮಕ್ಕಳು ಮೊಮ್ಮಕ್ಕಳು ಅವರಿಗೆ ತೂಕವಾಗಿ ಕಂಡವು. ಬೇರೆ ಮನೆ ಮಾಡಬೇಡಿ ಎಂದ ಅಣ್ಣ ಕುಟುಂಬದವನಲ್ಲ ಎನ್ನಲಾಗುತ್ತದೆಯೇ?

ನನಗೆ ಹೆಚ್ಚು ಹಿಡಿಸಿದ್ದು ಮತದಾರರ ಪಟ್ಟಿ. ರಕ್ತ, ವಂಶ ನೋಡಲಿಲ್ಲ, ವಾಸ ನೋಡಿದರು. ಎಡಿನ್‌ಬರೋದಲ್ಲಿ ನೆಲೆಸಿದ ಇಂಗ್ಲಿಷಿನವನಿಗೆ ಮತವಿತ್ತು, ಕಾನೂನುಬದ್ಧವಾಗಿ ಅಲ್ಲಿದ್ದ ಭಾರತೀಯ ಪ್ರಜೆಗೂ ಕಾಮನ್‌ವೆಲ್ತ್ ಸಂಬಂಧದಿಂದ ಮತವಿತ್ತು, ಲಂಡನ್ನಿಗೆ ಹೋಗಿ ನೆಲೆಸಿದ ಸ್ಕಾಟ್‌ಗೆ ಇರಲಿಲ್ಲ. ಕನ್ನಡಿಗರು ಯಾರು ಎಂಬ ಚರ್ಚೆ ನಮ್ಮಲ್ಲಿ ಬಿಸಿಯೇರಿದಾಗಲೆಲ್ಲ ನನಗೆ ಈ ಪಟ್ಟಿ ನೆನಪಾಗುತ್ತದೆ.

ವಿಷಯ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲು ನಿರ್ಧರಿಸಿದಾಗ ಸ್ಕಾಟ್ಲೆಂಡಿನ ಶೇಕಡ 62 ಜನ ಉಳಿಯೋಣ ಎಂದಿದ್ದರು. ಸ್ವಾತಂತ್ರ್ಯದ ಬಗ್ಗೆ ಮತ್ತೊಂದು ಜನಮತಗಣನೆ ಕೇಳಿದಾಗ, 2022ರ ನವೆಂಬರ್ 23ರಂದು ಸುಪ್ರೀಂ ಕೋರ್ಟ್ ಲಂಡನ್ನಿನ ಒಪ್ಪಿಗೆಯಿಲ್ಲದೆ ಎಡಿನ್‌ಬರೋ ಅದನ್ನು ನಡೆಸುವಂತಿಲ್ಲ ಎಂದು ಒಮ್ಮತದಿಂದ ಹೇಳಿತು. ಹಾಗಾದರೆ ಇಂಗ್ಲೆಂಡ್, ಸ್ಕಾಟ್ಲೆಂಡ್ ಸೇರಿದ ಈ ಕೂಟ ಎರಡು ನಾಡುಗಳ ಒಪ್ಪಂದವೋ, ಬಾಗಿಲು ಹೊರಗಿನಿಂದ ಹಾಕಿದ ಮನೆಯೋ ಎಂದು ಅಲ್ಲಿ ವಾದ ನಡೆಯುತ್ತಿದೆ.

ಇದನ್ನೆಲ್ಲ ಹೇಳಿ ನಮ್ಮಲ್ಲೂ ಪ್ರತ್ಯೇಕತೆ ಬೇಕು ಅನ್ನುತ್ತಿದ್ದೀರಾ?

ಇಲ್ಲ. ಪಾರ್ಕಿನ ಬೆಂಚಿನ ಮೇಲೆ ಒಮ್ಮೆ ಸ್ವಲ್ಪ ಗಡುಸಾಗಿಯೇ ಈ ಪ್ರಶ್ನೆ ಬಂತು, ಅದಕ್ಕೆ ಸೇರಿಸಿದ್ದೇನೆ. ಭಾರತ ಎರಡು ಸಂಸತ್ತುಗಳ ಕರಾರಿನಿಂದ ಆದ ದೇಶವಲ್ಲ, ಹೋಲಿಕೆಗೆ ಮಿತಿಯಿದೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದು ಏಕತೆಯಲ್ಲ ಎಂಬುದು ನಮ್ಮ ಸಂವಿಧಾನಕ್ಕೂ ಗೊತ್ತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನದ 371ಜೆ ವಿಧಿ ಕೊಟ್ಟದ್ದು ಅದಕ್ಕೇ.

ನನ್ನ ತಕರಾರು ಬೇರೆ. ನಾವು ಧ್ವಜ, ಗೀತೆಗಳ ಬಗ್ಗೆ ಜಗಳವಾಡುವಷ್ಟು ದಿನನಿತ್ಯದ ಸಂಸ್ಥೆಗಳ ಬಗ್ಗೆ ಆಡುವುದಿಲ್ಲ. ಹಾಸನದ ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ. ಅದೇ ಕಡತ ಹೈಕೋರ್ಟಿಗೆ ಹೋದಾಗ ಇಂಗ್ಲಿಷಾಗುತ್ತದೆ. ಹೈಕೋರ್ಟಿನಲ್ಲಿ ರಾಜ್ಯದ ಭಾಷೆ ಬಳಸಲು 348ನೆಯ ವಿಧಿಯಲ್ಲಿ ದಾರಿಯಿದೆ, ಹಿಂದಿಗೆ ಕೆಲವು ರಾಜ್ಯಗಳಲ್ಲಿ ಅದು ಸಿಕ್ಕಿದೆ. ಬೇಲಿ ಜಗಳದ ತೀರ್ಪನ್ನು ಕಕ್ಷಿದಾರನೇ ಓದಿಕೊಳ್ಳಲಾಗದಿದ್ದರೆ ಆ ಕೋರ್ಟು ಎಷ್ಟರಮಟ್ಟಿಗೆ ಅವನ ನಾಡಿನದು?

ಸ್ಕಾಟ್ಲೆಂಡ್ ಬಿಟ್ಟು ಬೇರೆ ಕಡೆ ಇಂಥದ್ದು ಉಂಟೇ?

ಉಂಟು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1774ರಿಂದ ಫ್ರೆಂಚ್ ಮೂಲದ ಸಿವಿಲ್ ಕಾನೂನು ನಡೆಯುತ್ತಿದೆ, ಶಾಸನಸಭೆಗೆ ರಾಷ್ಟ್ರೀಯ ಸಭೆ ಎಂದೇ ಹೆಸರು. 1995ರಲ್ಲಿ ಬೇರೆಯಾಗಲು ಬೇಕಾದ ಮತ ಕೂದಲೆಳೆಯಲ್ಲಿ ತಪ್ಪಿತು. ಸ್ಪೇನಿನ ಬಾಸ್ಕ್ ನಾಡು ತೆರಿಗೆಯನ್ನು ತಾನೇ ವಸೂಲಿ ಮಾಡಿ ಕೇಂದ್ರದ ಪಾಲನ್ನು ಕಳಿಸುತ್ತದೆ. ಭಾಷೆ ಮತ್ತು ಸಂಸ್ಥೆ ಎರಡೂ ಒಟ್ಟಿಗಿರುವ ಕ್ವಿಬೆಕ್ ಬಗ್ಗೆ ಬರೆಯಲು ಇನ್ನೊಂದು ಸಂಜೆ ಬೇಕು.

ರಾಜರು ಕುಳಿತುಕೊಳ್ಳುವ ಕಲ್ಲನ್ನು ವಿದ್ಯಾರ್ಥಿಗಳು ಕದ್ದರಂತೆ. ಆ ಕಥೆ ಹೇಳಿ ಮೇಷ್ಟ್ರೇ.

ಮಕ್ಕಳಿಗೆ ಇದೊಂದೇ ಬೇಕು. ಸ್ಕೋನ್ ಎಂಬ ಊರಿನಲ್ಲಿ ಸ್ಕಾಟ್ಲೆಂಡಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಕಲ್ಲು ಅದು. ನೋಡಲು ನಮ್ಮ ಹಿತ್ತಿಲ ಒಗೆಯುವ ಕಲ್ಲಿನ ಹಾಗೆ, ತೂಕ ಸುಮಾರು 152 ಕಿಲೋ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಹೊತ್ತೊಯ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಸಿಂಹಾಸನದ ಕೆಳಗೆ ಕೂರಿಸಿದ. 1950ರ ಕ್ರಿಸ್‌ಮಸ್ ಬೆಳಗಿನ ಜಾವ ಗ್ಲಾಸ್ಗೋದ ನಾಲ್ವರು ವಿದ್ಯಾರ್ಥಿಗಳು ಒಳನುಗ್ಗಿ ಎಳೆದರು, ಎಳೆಯುವಾಗ ಕಲ್ಲು ಎರಡು ತುಂಡಾಯಿತು. ಕಾರಿನಲ್ಲಿ ಹಾಕಿಕೊಂಡು ಪರಾರಿ. ನಾಲ್ಕು ತಿಂಗಳ ಮೇಲೆ ಆರ್ಬ್ರೋತ್ ಅಬೆಯ ಪಾಳುಗೋಡೆಗಳ ನಡುವೆ ಬಿಟ್ಟುಹೋದರು. ಅವರ ಮೇಲೆ ಮೊಕದ್ದಮೆ ಹೂಡುವ ಧೈರ್ಯ ಸರ್ಕಾರ ಮಾಡಲಿಲ್ಲ. ಕಲ್ಲು ಮತ್ತೆ ಲಂಡನ್ನಿಗೆ ಹೋಯಿತು.

1996ರಲ್ಲಿ ಲಂಡನ್ನೇ ಅದನ್ನು ವಾಪಸು ಕಳಿಸಿತು. ಈಗ ಪರ್ತ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ, ಹುಟ್ಟಿದೂರಿನ ಹತ್ತಿರವೇ ಇದೆ. ನಾವು ಹೋದಾಗ ಗಾಜಿನ ಮುಂದೆ ಒಬ್ಬ ಅಜ್ಜಿ ಮೊಮ್ಮಗನಿಗೆ ಬಿರುಕು ಎಲ್ಲಿ ಬಂದಿತ್ತೆಂದು ಬೆರಳು ಮಾಡಿ ತೋರಿಸುತ್ತಿದ್ದರು. 2023ರ ಪಟ್ಟಾಭಿಷೇಕಕ್ಕೆ ಅದನ್ನು ಪೊಲೀಸ್ ಕಾವಲಿನಲ್ಲಿ ಲಂಡನ್ನಿಗೆ ಒಯ್ದು, ಮುಗಿದ ಮೇಲೆ ಹಿಂದಕ್ಕೆ ತಂದರು. ಮುಂದಿನ ಪಟ್ಟಾಭಿಷೇಕಕ್ಕೂ ಹೋಗಿ ಬರಬೇಕು ಎಂಬುದು ಕರಾರು.